ಮೋಡ ದಾಟಿತು, ವಾಟ್ಸಾಪ್ ದಾಟಲಿಲ್ಲ

ಸಿನಿಮಾಕ್ಕೆ ರಿವ್ಯೂ ಇದೆ, ಹೋಟೆಲಿನ ದೋಸೆಗೆ ರಿವ್ಯೂ ಇದೆ, ನಮ್ಮನ್ನು ಏರ್‌ಪೋರ್ಟಿಗೆ ಬಿಟ್ಟ ಡ್ರೈವರಿಗೂ ಐದರಲ್ಲಿ ಎಷ್ಟು ಸ್ಟಾರ್ ಅಂತ ಕೇಳ್ತಾರೆ. ಆದರೆ ಮಳೆಗಾಲದಲ್ಲಿ ಫೋನಿಗೆ ಬಂದು ಬೀಳುವ ಪ್ರವಾಹ ನಕ್ಷೆಗೆ ಯಾರೂ ರಿವ್ಯೂ ಬರೆದದ್ದು ನಾನು ನೋಡಿಲ್ಲ. ಜೀವಕ್ಕೆ ಸಂಬಂಧಪಟ್ಟ ಹಾಳೆ ಅದು. ಇವತ್ತು ಆ ಕೆಲಸ ಮಾಡೋಣ.

ನನ್ನ ಊರು ಸಾಲಹಳ್ಳಿ, ರಾಮದುರ್ಗ ತಾಲೂಕು, ಬೆಳಗಾವಿ ಜಿಲ್ಲೆ. ಹೊಟ್ಟೆಪಾಡು ಬೆಂಗಳೂರಿನಲ್ಲಿ ಕೋಡ್ ಬರೆಯುವುದು. ಹೀಗಾಗಿ ಈ ನಕ್ಷೆಯ ಎರಡೂ ತುದಿಯವರು ನನಗೆ ಗೊತ್ತು. ಅದನ್ನು ತಯಾರಿಸುವಂಥ ಕೆಲಸದವರೂ ಗೊತ್ತು, ಅದನ್ನು ಫೋನಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿ ಹಿಗ್ಗಿಸಿ ನೋಡುವವರೂ ಗೊತ್ತು.

ನಕ್ಷೆ ಸಾಮಾನ್ಯವಾಗಿ ಹೀಗಿರುತ್ತದೆ. ಮೇಲ್ಗಡೆ ಜಿಲ್ಲೆಯ ಹೆಸರು, ಚಿತ್ರ ತೆಗೆದ ದಿನಾಂಕ, ಯಾವ ಉಪಗ್ರಹ ಅನ್ನುವುದು. ಮೂಲೆಯಲ್ಲಿ ಲಾಂಛನ. ನಡುವೆ ಜಿಲ್ಲೆ, ತಾಲೂಕಿನ ಗಡಿಗೆರೆ. ಯಾವಾಗಲೂ ಇರುವ ಹೊಳೆ, ಕೆರೆಗೆ ಒಂದು ನೀಲಿ. ಹೊಸದಾಗಿ ನೀರು ನುಗ್ಗಿದ ಕಡೆಗೆ ಇನ್ನೊಂದು ನೀಲಿ. ಒಂದು ಬದಿಗೆ ಯಾವ ಬಣ್ಣ ಏನು ಅಂತ ಹೇಳುವ ಸೂಚಿ. ಇದಿಷ್ಟೂ ಒಂದು ಪಿಡಿಎಫ್ ಹಾಳೆಯಲ್ಲಿ. ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ ಚಂದ ಕಾಣುತ್ತದೆ. ಆದರೆ ನಮ್ಮ ಕಡೆ ಅದನ್ನು ನೋಡುವವರು ಯಾರೂ ದೊಡ್ಡ ಪರದೆಯ ಮುಂದೆ ಕೂತಿರುವುದಿಲ್ಲ.

ನನ್ನ ತಕರಾರು ಒಂದೇ. ಈ ನಕ್ಷೆ ಆಕಾಶದಿಂದ ನೆಲಕ್ಕೆ ಬರುವ ಏಳುನೂರು ಕಿಲೋಮೀಟರ್ ದಾರಿಯಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಅಂತ ಜಾಣರು ವರ್ಷಗಟ್ಟಲೆ ಕೂತು ಯೋಚಿಸಿದ್ದಾರೆ. ಬೆಳಗಾವಿಯಿಂದ ರಾಮದುರ್ಗಕ್ಕೆ ಬರುವ ಸುಮಾರು ನೂರು ಕಿಲೋಮೀಟರಿನಲ್ಲಿ ಆ ಯೋಚನೆಯನ್ನು ವಾಟ್ಸಾಪಿಗೆ ಬಿಟ್ಟುಕೊಟ್ಟಿದ್ದೇವೆ.

ಮೊದಲು ಹೊಗಳಬೇಕಾದ್ದನ್ನು ಹೊಗಳೋಣ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಮ್ಮ ಕಡೆಯವರಿಗೆ ಬರೀ ಹೊಳಿ. ಅದಕ್ಕೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು. ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ವರ್ಷಗಟ್ಟಲೆ ತುಂಬದೆ ಬಾಯಿ ತೆರೆದುಕೊಂಡಿರುತ್ತಿದ್ದ ಆ ಜಲಾಶಯ ಆ ಸಲ ಕೆಲವೇ ದಿನಗಳಲ್ಲಿ ತುಂಬಿ, ಗೇಟ್ ಎತ್ತಿದರು. ಕೆಳಗಿನ ಮುನವಳ್ಳಿ, ರಾಮದುರ್ಗ, ಹೊಳೆದಂಡೆಯ ಊರುಗಳಿಗೆಲ್ಲ ನೀರು ನುಗ್ಗಿತು. ಆಮೇಲೆ ಆದದ್ದನ್ನು ಟಿವಿಯಲ್ಲಿ ನೀವೂ ನೋಡಿದ್ದೀರಿ.

ಅಂಥ ದಿನಗಳಲ್ಲಿ ಮಾಮೂಲಿ ಉಪಗ್ರಹ ಚಿತ್ರ ತೆಗೆದರೆ ಕಾಣುವುದು ಮೋಡ ಮಾತ್ರ. ಪ್ರವಾಹ ಬಂದಾಗ ಮೋಡ ಇರಲೇಬೇಕಲ್ಲ, ಅಲ್ಲಿಂದಲೇ ಬಂದದ್ದು ನೀರು. ಅದಕ್ಕೇ ರಡಾರ್ ಬೇಕು. ಅದು ಸೂರ್ಯನ ಬೆಳಕಿಗೆ ಕಾಯುವುದಿಲ್ಲ. ತಾನೇ ರೇಡಿಯೋ ಅಲೆ ಕಳಿಸಿ, ನೆಲಕ್ಕೆ ಬಡಿದು ವಾಪಸ್ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ. ಸಿ-ಬ್ಯಾಂಡ್ ಅಂದರೆ ಆರು ಸೆಂಟಿಮೀಟರಿಗೆ ಸ್ವಲ್ಪ ಕಮ್ಮಿ ಉದ್ದದ ಅಲೆ. ಮೋಡ ಅದಕ್ಕೆ ಲೆಕ್ಕಕ್ಕೇ ಇಲ್ಲ. ರಾತ್ರಿಯೂ ಸರಿ, ಹಗಲೂ ಸರಿ. ಉಕ್ಕೆ ಹೊಡೆದ ಎರೆ ಹೊಲ ಅಲೆಯನ್ನು ನಾಲ್ಕೂ ಕಡೆ ಚೆದುರಿಸುತ್ತದೆ, ಒಂದಷ್ಟು ವಾಪಸ್ ಬರುತ್ತದೆ. ನಿಂತ ನೀರು ಕನ್ನಡಿ ಇದ್ದ ಹಾಗೆ, ಅಲೆಯನ್ನು ಆಚೆ ಕಡೆಗೇ ಜಾರಿಸಿಬಿಡುತ್ತದೆ, ವಾಪಸ್ ಏನೂ ಬರುವುದಿಲ್ಲ. ಚಿತ್ರದಲ್ಲಿ ಅದು ಕರ್ರಗೆ. ಕಪ್ಪು ಅಂದರೆ ನೀರು. ಮೂಲ ಸೂತ್ರ ಇಷ್ಟೇ.

ಈ ವಿದ್ಯೆಗೆ ನಮ್ಮದೇ ಉಪಗ್ರಹಗಳಿವೆ. 2012ರ ಏಪ್ರಿಲ್ 26ರಂದು ಪಿಎಸ್‌ಎಲ್‌ವಿ-ಸಿ19 ಹೊತ್ತುಕೊಂಡು ಹೋದ ರಿಸ್ಯಾಟ್-1, ಇಸ್ರೋದ ಮೊದಲ ಸಿ-ಬ್ಯಾಂಡ್ ರಡಾರ್ ಉಪಗ್ರಹ, ತೂಕ 1858 ಕೆ.ಜಿ. ಆಮೇಲೆ 2022ರ ಫೆಬ್ರುವರಿ 14ರಂದು ಹೋದ ಇಒಎಸ್-04. ಯುರೋಪಿನವರ ಸೆಂಟಿನೆಲ್-1 2014ರಿಂದ ಮೇಲಿದೆ, ಅದರ ಚಿತ್ರ ಜಗತ್ತಿಗೆಲ್ಲ ಪುಕ್ಕಟೆ. ನಮ್ಮ ಉಪಗ್ರಹಗಳ ದತ್ತಾಂಶ ಹೈದರಾಬಾದಿನ ಹತ್ತಿರದ ಶಾದ್‌ನಗರದಲ್ಲಿ ಇಳಿಯುತ್ತದೆ. ಅಲ್ಲಿಂದ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಅಂದರೆ ಎನ್‌ಆರ್‌ಎಸ್‌ಸಿ, ಪ್ರವಾಹ ನಕ್ಷೆ ಮಾಡುತ್ತದೆ.

ಈಗ ಕಸುಬಿನ ಮಾತಿಗೆ ಬರೋಣ. ಉಪಗ್ರಹದಿಂದ ನೆಲಕ್ಕೆ ಇಳಿಸುವ ಕೊಂಡಿ ಯಾವಾಗಲೂ ಸಣ್ಣದು. ರಡಾರ್ ಹುಟ್ಟಿಸುವ ದತ್ತಾಂಶ ಯಾವಾಗಲೂ ದೊಡ್ಡದು. 1978ರಲ್ಲಿ ನಾಸಾ ಸೀಸ್ಯಾಟ್ ಹಾರಿಸಿತು. ಸಮುದ್ರ ನೋಡಲು ಹೋದ ಮೊದಲ ನಾಗರಿಕ ರಡಾರ್ ಅದು. ಅದರ ರಡಾರ್ ದತ್ತಾಂಶ ಎಷ್ಟಿತ್ತೆಂದರೆ ಉಪಗ್ರಹದೊಳಗೆ ತುಂಬಿಟ್ಟುಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ. ಕೆಳಗೆ ಆಂಟೆನಾ ಕಾಣುವಷ್ಟು ಹೊತ್ತು ಮಾತ್ರ ಚಿತ್ರ. ಸುಮಾರು 105 ದಿನ ನಡೆದು ಕೆಟ್ಟುಹೋಯಿತು.

ಹಾಗಾದರೆ ಜಿಪ್ ಮಾಡಿ ಕಳಿಸಬಾರದಾ? ನಮ್ಮಂಥವರಿಗೆ ಬರುವ ಮೊದಲ ಪ್ರಶ್ನೆ. ಆಗುವುದಿಲ್ಲ. ಜಿಪ್ ಕೆಲಸ ಮಾಡುವುದು ಮಾಹಿತಿಯಲ್ಲಿ ಪುನರಾವರ್ತನೆ ಇದ್ದಾಗ. ರಡಾರಿನ ಕಚ್ಚಾ ದತ್ತಾಂಶದಲ್ಲಿ ಅದು ಇಲ್ಲವೇ ಇಲ್ಲ ಅನ್ನಬೇಕು. ಕ್ಯಾಮೆರಾದಲ್ಲಿ ಆಕಾಶದ ನೀಲಿಯ ಪಕ್ಕ ಮತ್ತೊಂದು ನೀಲಿ ಇರುತ್ತದೆ, ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಹುದು. ರಡಾರಿನಲ್ಲಿ ಒಂದೊಂದು ಅಳತೆಯೂ ನೆಲದ ಸಾವಿರಾರು ಚುಕ್ಕೆಗಳಿಂದ ಬಂದ ಪ್ರತಿಧ್ವನಿಯ ಕಲಸುಮೇಲೋಗರ. ಕಣ್ಣಿಗೆ ಬರೀ ಗದ್ದಲ. ಚಿತ್ರವಾಗಿ ಅದು ಬಿಡಿಸಿಕೊಳ್ಳುವುದು ಆಮೇಲೆ, ನೆಲದ ಮೇಲಿನ ಕಂಪ್ಯೂಟರಿನಲ್ಲಿ.

ಈ ಗದ್ದಲವನ್ನು ಕುಗ್ಗಿಸುವ ಉಪಾಯ ಕಂಡುಕೊಂಡದ್ದು ಶುಕ್ರಗ್ರಹಕ್ಕಾಗಿ. 1989ರ ಮೇನಲ್ಲಿ ಹೊರಟ ಮೆಗೆಲಾನ್ ನೌಕೆ 1990ರ ಆಗಸ್ಟ್‌ನಲ್ಲಿ ಅಲ್ಲಿಗೆ ತಲುಪಿತು. ಶುಕ್ರನ ಮೇಲೂ ಮೋಡ, ಸದಾ. ರಡಾರ್ ಬಿಟ್ಟರೆ ಗತಿಯಿಲ್ಲ. ಭೂಮಿಗೆ ಕಳಿಸಲು ಇದ್ದ ವೇಗ ಸೆಕೆಂಡಿಗೆ ಸುಮಾರು 268 ಕಿಲೋಬಿಟ್. ಇವತ್ತು ಆ ವೇಗದಲ್ಲಿ ಒಂದು ರೀಲ್ ಕೂಡ ಓಡುವುದಿಲ್ಲ. ಅದರಲ್ಲಿ ಇಡೀ ಗ್ರಹದ ನಕ್ಷೆ ಬರಬೇಕು.

ಅವರು ಮಾಡಿದ್ದು ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ಊರಿಂದ ಫೋನ್ ಮಾಡಿ ಜೋಳದ ಇಳುವರಿ ಹೇಳಬೇಕು ಅಂದುಕೊಳ್ಳಿ. ಹತ್ತು ಹೊಲ, ಒಂದೊಂದರಲ್ಲಿ ನೂರು ಪಟ್ಟಿ. ಪ್ರತಿ ಪಟ್ಟಿಯ ತೂಕ ಹೇಳುತ್ತಾ ಹೋದರೆ ಕರೆನ್ಸಿ ಮುಗಿಯುತ್ತದೆ. ಅದರ ಬದಲು, "ಕೆರಿ ಹೊಲದಾಗ ಎಕರೆಕ್ಕ ಆರು ಚೀಲ ನೋಡಪಾ" ಅಂತ ಒಮ್ಮೆ ಹೇಳಿ, ಆಮೇಲೆ ಪ್ರತಿ ಪಟ್ಟಿಗೂ ನಾಲ್ಕೇ ಮಾತು: ಭಾಳ ಕಮ್ಮಿ, ಸ್ವಲ್ಪ ಕಮ್ಮಿ, ಸ್ವಲ್ಪ ಹೆಚ್ಚು, ಭಾಳ ಹೆಚ್ಚು. ಮುಂದಿನ ಹೊಲಕ್ಕೆ ಹೋದಾಗ ಮತ್ತೊಮ್ಮೆ ಅದರ ಅಳತೆ ಹೇಳುವುದು. ನಾಲ್ಕು ಮಾತು ಅಂದರೆ ಎರಡು ಬಿಟ್. ಮೆಗೆಲಾನ್ ಮಾಡಿದ್ದು ಇದನ್ನೇ. 8 ಬಿಟ್‌ನ ಪ್ರತಿ ಅಳತೆಯನ್ನು 2 ಬಿಟ್‌ಗೆ ಇಳಿಸಿತು. ಪ್ರತಿ ತುಂಡು ಪ್ರದೇಶಕ್ಕೂ ಏರಿಳಿತ ಎಷ್ಟು ಅನ್ನುವ ಒಂದು ಅಳತೆಗೋಲನ್ನು ಜೊತೆಗೆ ಇಟ್ಟಿತು. ಇದಕ್ಕೆ ಬ್ಲಾಕ್ ಅಡಾಪ್ಟಿವ್ ಕ್ವಾಂಟೈಸೇಶನ್ ಅಂತ ಹೆಸರು, ಚಿಕ್ಕದಾಗಿ ಬಿಎಕ್ಯು. ನಮ್ಮ ರಿಸ್ಯಾಟ್-1 ಕೂಡ ಇದನ್ನೇ ಬಳಸಿತು, ಪ್ರತಿ ಅಳತೆಗೆ 2ರಿಂದ 6 ಬಿಟ್‌ವರೆಗೆ ಬೇಕಾದಷ್ಟು ಆರಿಸಿಕೊಳ್ಳುವ ಸೌಲಭ್ಯದ ಜೊತೆ. ಸೆಂಟಿನೆಲ್-1ರಲ್ಲಿ ಇದರದೇ ಇನ್ನೊಂದು ಬಗೆ: ಪ್ರತಿಧ್ವನಿ ಜೋರಾಗಿರುವ ಕಡೆ ಹೆಚ್ಚು ಬಿಟ್, ಕ್ಷೀಣವಾಗಿರುವ ಕಡೆ ಕಮ್ಮಿ.

ಇಷ್ಟು ಒರಟಾಗಿ ಕತ್ತರಿಸಿದರೆ ಚಿತ್ರ ಹಾಳಾಗುವುದಿಲ್ಲವಾ? ಅಷ್ಟಾಗಿ ಇಲ್ಲ. ಕೊನೆಯ ಚಿತ್ರದ ಒಂದು ಪಿಕ್ಸೆಲ್ ತಯಾರಾಗಲು ಸಾವಿರಾರು ಕಚ್ಚಾ ಅಳತೆಗಳು ಸೇರುತ್ತವೆ. ಒಂದೊಂದರ ತಪ್ಪು ಇನ್ನೊಂದರ ತಪ್ಪಿಗೆ ಬಹುಮಟ್ಟಿಗೆ ವಜಾ ಆಗುತ್ತದೆ. ವಿನ್ಯಾಸ ಮಾಡಿದವರಿಗೆ ಇದು ಮೊದಲೇ ಗೊತ್ತಿತ್ತು. ಕೆಳಗೆ ಕೂತವನು ಈ ದತ್ತಾಂಶವನ್ನು ಏನು ಮಾಡುತ್ತಾನೆ ಅಂತ ಗೊತ್ತಿದ್ದದ್ದರಿಂದಲೇ ಮೇಲೆ ಏನು ಬಿಸಾಕಬಹುದು ಅಂತ ಗೊತ್ತಾಯಿತು. ನನಗೆ ಈ ಕೆಲಸದಲ್ಲಿ ಇಷ್ಟವಾಗುವುದು ಇದೇ. ಅಳತೆಗೋಲು ಬಿಸಾಕಲಿಲ್ಲ, ಅಳತೆಯ ನಯ ಮಾತ್ರ ಬಿಸಾಕಿದರು.

ಐದರಲ್ಲಿ ಐದು ಸ್ಟಾರ್. ಈಗ ನೆಲಕ್ಕೆ ಇಳಿಯೋಣ.

ನೆಲದ ಮೇಲೆ ಸಂಸ್ಕರಿಸಿದ ಸೆಂಟಿನೆಲ್-1ರ ಒಂದು ಚಿತ್ರ 250 ಕಿಲೋಮೀಟರ್ ಅಗಲ, ಪಿಕ್ಸೆಲ್‌ಗೆ 10 ಮೀಟರ್, ಫೈಲು ಸುಮಾರು 1 ಜಿಬಿ. ಕಾಣುವುದು ಕರಿ ಕಂಬಳಿಯ ಮೇಲೆ ಜೋಳದ ಹಿಟ್ಟು ಉದುರಿಸಿದ ಹಾಗೆ. ಆ ಕಾಳುಕಾಳಿಗೆ ಸ್ಪೆಕಲ್ ಅಂತಾರೆ, ರಡಾರಿನ ಜನ್ಮಕ್ಕೆ ಅಂಟಿದ್ದು. ಅದನ್ನು ಸೋಸಿ, ಪ್ರವಾಹಕ್ಕೆ ಮುಂಚಿನ ಚಿತ್ರದ ಜೊತೆ ಹೋಲಿಸಿ, ಹೊಸದಾಗಿ ಕರ್ರಗಾದ ಕಡೆಗೆ ನೀಲಿ ಬಳಿದರೆ ನಕ್ಷೆ. ಅದು ಹೈದರಾಬಾದಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ. ತಾಲೂಕಿನಿಂದ ಮುಂದೆ? ಯಾರೋ ಒಬ್ಬರು ಪಿಡಿಎಫ್ ತೆರೆದು ಸ್ಕ್ರೀನ್‌ಶಾಟ್ ಹೊಡೆದು ಗ್ರೂಪಿಗೆ ಹಾಕುತ್ತಾರೆ. ಅಲ್ಲಿಂದ ಇನ್ನೊಂದು ಗ್ರೂಪು, ಮತ್ತೊಂದು ಗ್ರೂಪು.

ಒಂದು ಸಣ್ಣ ಲೆಕ್ಕ ಮಾಡೋಣ. 150 ಕಿಲೋಮೀಟರ್ ಅಗಲದ ಜಿಲ್ಲೆ 1500 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಕೂತಿದೆ ಅಂದುಕೊಳ್ಳಿ. ಒಂದು ಪಿಕ್ಸೆಲ್ ಅಂದರೆ 100 ಮೀಟರ್. ರಡಾರ್ ನೋಡಿದ ನೂರು ಚೌಕಗಳು ಇಲ್ಲಿ ಒಂದೇ ಚುಕ್ಕೆ. 300 ಮೀಟರ್ ಉದ್ದದ ಒಂದು ಊರು ಮೂರು ಚುಕ್ಕೆ. ಇನ್ನು ಜೆಪೆಗ್. ಅದು ಚಿತ್ರವನ್ನು ಎಂಟಕ್ಕೆಂಟರ ಚೌಕ ಮಾಡಿ ಕುಗ್ಗಿಸುತ್ತದೆ. ಬೆಳಕು-ನೆರಳನ್ನು ನಯವಾಗಿ ಇಟ್ಟುಕೊಳ್ಳುತ್ತದೆ. ಬಣ್ಣವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಸೇರಿಸಿ ಒಂದು ಸಲ ಬರೆದುಕೊಳ್ಳುತ್ತದೆ. ಯಾಕೆ ಅಂದರೆ ಮನುಷ್ಯನ ಕಣ್ಣು ಬಣ್ಣದ ಸಣ್ಣ ವ್ಯತ್ಯಾಸ ಅಷ್ಟಾಗಿ ಗುರುತಿಸುವುದಿಲ್ಲ. ಮದುವೆ ಫೋಟೋಕ್ಕೆ ಇದು ಬರೋಬ್ಬರಿ. ಮದುಮಗಳ ಸೀರೆಯ ಕೆಂಪು ಅರ್ಧ ಪಿಕ್ಸೆಲ್ ಆಚೆ ಸರಿದರೆ ಯಾರಿಗೂ ನಷ್ಟವಿಲ್ಲ. ಆದರೆ ನಮ್ಮ ನಕ್ಷೆಯಲ್ಲಿ ಇಡೀ ಅರ್ಥ ನಿಂತಿರುವುದೇ ಎರಡು ನೀಲಿಗಳ ವ್ಯತ್ಯಾಸದ ಮೇಲೆ. ಹೊಳೆಯ ಪಕ್ಕದ ಸಣ್ಣ ಪಟ್ಟಿಯಲ್ಲಿ ಎರಡೂ ಕಲೆತು ಮೂರನೆಯದೊಂದು ನೀಲಿ ಆಗುತ್ತದೆ. ಯಾವಾಗಲೂ ಇರುವ ನೀರೋ, ನಿನ್ನೆ ಬಂದ ನೀರೋ? ಸೂಚಿ ನೋಡೋಣ ಅಂದರೆ ಅದರ ಅಕ್ಷರ ಮೊದಲೇ ಇರುವೆಗಾತ್ರ, ಈಗ ಇರುವೆ ಕೂಡ ಅಲ್ಲ.

ಇಂಥ ಸಂದರ್ಭದಲ್ಲಿ ಊರಿಂದ ಬರುವ ಫೋನ್ ಹೇಗಿರುತ್ತದೆ ಅಂತ ಉತ್ತರ ಕರ್ನಾಟಕದ ಯಾರಿಗಾದರೂ ಗೊತ್ತು.

"ತಮ್ಮಾ, ಒಂದು ನಕಾಶಿ ಕಳಿಸೇನಿ ನೋಡು. ಇದರಾಗ ನಮ್ಮ ಬೀಗರ ಊರು ಎಲ್ಲೈತಿ?"

"ಕಾಕಾ, ಅದು ಸ್ಪಷ್ಟ ಕಾಣವಲ್ದು."

"ನೀ ಕಂಪ್ಯೂಟರ್ ಕಲಿತಾಂವ, ನಿನಗ ಕಾಣಲಿಲ್ಲಂದ್ರ ನಮಗೇನ್ ಕಾಣ್ತೈತೋ?"

ಕಾಕಾ ಕೇಳಿದ್ದು ಒಂದು ಬಿಟ್‌ನ ಪ್ರಶ್ನೆ. ಬೀಗರ ಊರಿಗೆ ನೀರು ಬಂದಿದೆಯೋ ಇಲ್ಲವೋ. ಅವರಿಗೆ ಸಿಕ್ಕಿದ್ದು ಲಕ್ಷಾಂತರ ಪಿಕ್ಸೆಲ್‌ಗಳ ಚಿತ್ರ, ಅದರಲ್ಲಿ ಉತ್ತರ ಮಾತ್ರ ಅಳಿಸಿಹೋಗಿದೆ. ಉಪಗ್ರಹದಲ್ಲಿ ಅಳತೆಗೋಲು ಉಳಿಸಿಕೊಂಡು ನಯ ಬಿಸಾಕಿದ್ದರು. ಇಲ್ಲಿ ಬಣ್ಣಬಣ್ಣದ ನಯ ಉಳಿದು ಅಳತೆಗೋಲು ಹೋಯಿತು.

"ಈಗ 4ಜಿ, 5ಜಿ ಇದೆಯಲ್ಲ, ಪಿಡಿಎಫ್ ಅನ್ನೇ ಕಳಿಸಲಿ, ಎಷ್ಟು ಎಂಬಿ ಆದರೇನು?" ಅಂತ ಕೋರಮಂಗಲದಲ್ಲಿ ಕೂತು ಕೇಳುವುದು ಸುಲಭ. ಹೊಳೆ ಬಂದ ದಿನ ಮೊದಲು ಹೋಗುವುದು ಕರೆಂಟು. ಟವರಿನ ಬ್ಯಾಟರಿ ಒಂದಷ್ಟು ಗಂಟೆ ತಡೆದೀತು. ಆಮೇಲೆ ದೂರದ ಟವರಿನ ಒಂದು ಕಡ್ಡಿ ಸಿಗ್ನಲ್‌ಗೆ ಇಡೀ ಊರು ಜೋತುಬೀಳುತ್ತದೆ. ಫೋನಿನಲ್ಲಿ ಉಳಿದ ಚಾರ್ಜ್ ಹನ್ನೆರಡು ಪರ್ಸೆಂಟ್. ಅಷ್ಟೂ ಇದ್ದರೂ ನಿಜವಾದ ಇಕ್ಕಟ್ಟು ಬ್ಯಾಂಡ್‌ವಿಡ್ತಿನದಲ್ಲ, ಓದುವವನ ಹೊತ್ತಿನದು. ದನ ಬಿಚ್ಚಬೇಕು, ಮುದುಕರನ್ನು ಎತ್ತಿಕೊಳ್ಳಬೇಕು, ಜೋಳದ ಚೀಲ ಮಾಳಿಗೆ ಮೇಲೆ ಹಾಕಬೇಕು. ಅವನಿಗೆ ಸೂಚಿ ಓದುವ ಪುರಸೊತ್ತು ಇರುವುದಿಲ್ಲ.

ಹಾಗಾದರೆ ಎಷ್ಟು ಕುಗ್ಗಿಸಬಹುದು? 40 ಕಿಲೋಮೀಟರಿಗೆ 40 ಕಿಲೋಮೀಟರಿನ ಚೌಕ ತೆಗೆದುಕೊಳ್ಳಿ, ಒಂದು ತಾಲೂಕಿನ ಆಸುಪಾಸು. ಪಿಕ್ಸೆಲ್‌ಗೆ 10 ಮೀಟರ್ ಅಂದರೆ 4000 ಗುಣಿಸು 4000, ಒಂದು ಕೋಟಿ ಅರವತ್ತು ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 16 ಬಿಟ್ ಇಟ್ಟರೆ 32 ಎಂಬಿ. ನೀರು ಇದೆ, ಇಲ್ಲ ಅಂತ ಒಂದೇ ಬಿಟ್ ಇಟ್ಟರೆ 2 ಎಂಬಿ. ನೀರು ಚುಕ್ಕೆ ಚುಕ್ಕೆಯಾಗಿ ನಿಲ್ಲುವುದಿಲ್ಲ, ಹರವಾಗಿ ನಿಲ್ಲುತ್ತದೆ. ಸ್ಪೆಕಲ್ ಸೋಸಿದ ಮೇಲೆ ಉಳಿಯುವುದು ಕಪ್ಪು-ಬಿಳಿ ಹಾಳೆ. ಅಂಥ ಹಾಳೆಯನ್ನು ಕುಗ್ಗಿಸುವ ವಿದ್ಯೆ 1980ರ ದಶಕದ ಫ್ಯಾಕ್ಸ್ ಮಶೀನಿಗೇ ಗೊತ್ತಿತ್ತು. ಅದೇ ವಿದ್ಯೆ ಹಾಕಿದರೆ 2 ಎಂಬಿಯ ಬಹುಪಾಲು ಕರಗಿ ಹೋಗುತ್ತದೆ, ಬಣ್ಣ ಕಲೆಯುವ ಭಯವಿಲ್ಲದೆ.

ಇನ್ನೂ ಕುಗ್ಗಿಸಿ. ಪಿಕ್ಸೆಲ್ ಬಿಡಿ, ಊರು ಹಿಡಿಯಿರಿ. ತಾಲೂಕಿನಲ್ಲಿ ನೂರು ಊರು ಅಂದುಕೊಂಡರೆ, ಊರಿಗೆ ಒಂದು ಬಿಟ್, 100 ಬಿಟ್, 13 ಬೈಟ್. ಒಂದು ಎಸ್‌ಎಂಎಸ್ 140 ಬೈಟ್ ಹೊರುತ್ತದೆ. ಹತ್ತು ತಾಲೂಕು ಒಂದೇ ಎಸ್‌ಎಂಎಸ್‌ನಲ್ಲಿ!

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಜಾತಿಯವರು, ಅಂದರೆ ಎಂಜಿನಿಯರುಗಳು, ಇಂಥ ಲೆಕ್ಕ ಬಂದ ತಕ್ಷಣ ಚಪ್ಪಾಳೆ ಹೊಡೆದು ಡೆಮೊ ಮಾಡಲು ಹೊರಡುತ್ತೇವೆ. ಆ ಒಂದು ಬಿಟ್ ಒಳಗೆ ಒಂದು ದೊಡ್ಡ ಸುಳ್ಳು ಕೂತಿದೆ. ಈಗಿನ ನಕ್ಷೆಯ ಮೇಲೆ ನನ್ನ ಅಸಲಿ ಟೀಕೆಯೂ ಅದೇ.

ಕಪ್ಪು ಅಂದರೆ ನೀರು ಅಂದೆ. ಕಪ್ಪು ಇಲ್ಲ ಅಂದರೆ ನೀರಿಲ್ಲ ಅಂತ ಆಗುವುದಿಲ್ಲ. ಮಲಪ್ರಭೆಯ ದಂಡೆಯಲ್ಲಿ ಏನಿದೆ? ಕಬ್ಬು. ಆಗಸ್ಟ್‌ನಲ್ಲಿ ಆಳೆತ್ತರದ ಕಬ್ಬು. ಅದರ ಬುಡದಲ್ಲಿ ಎರಡು ಅಡಿ ನೀರು ನಿಂತಿರಬಹುದು, ಸಿ-ಬ್ಯಾಂಡ್ ಅಲೆ ಬಹುಮಟ್ಟಿಗೆ ಮೇಲಿನ ಗರಿಗಳಿಗೇ ಬಡಿದು ವಾಪಸ್ ಬರುತ್ತದೆ. ಚಿತ್ರದಲ್ಲಿ ಅದು ಕಪ್ಪಲ್ಲ. ಇನ್ನು ಊರು. ಗೋಡೆ ಮತ್ತು ನೆಲ ಸೇರಿ ಒಂದು ಮೂಲೆ ಆಗುತ್ತದೆ, ಅಲೆ ನೆಲಕ್ಕೆ ಬಡಿದು, ಗೋಡೆಗೆ ಬಡಿದು, ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಒಣಗಿದ್ದಾಗಲೂ ಊರು ಬೆಳ್ಳಗೆ, ಓಣಿಯಲ್ಲಿ ನೀರು ನಿಂತಾಗಲೂ ಊರು ಬೆಳ್ಳಗೆ. ಅಂದರೆ ಯಾವ ಎರಡು ಜಾಗಗಳ ಬಗ್ಗೆ ನಮ್ಮ ಜನ ಹೆಚ್ಚು ಕೇಳುತ್ತಾರೋ, ಮನೆ ಮತ್ತು ಕಬ್ಬು, ಅಲ್ಲಿಯೇ ರಡಾರ್ ಕುರುಡು ಅಥವಾ ಅರೆಗುರುಡು. ಇದಕ್ಕೆ ಹೊತ್ತಿನ ಸಮಸ್ಯೆಯನ್ನೂ ಸೇರಿಸಿ. ಸೆಂಟಿನೆಲ್-1ರ ಒಂದು ಉಪಗ್ರಹ ಅದೇ ದಾರಿಗೆ ಮರಳಿ ಬರುವುದು 12 ದಿನಕ್ಕೊಮ್ಮೆ. ನಡುವೆ ಹೊಳೆ ಬಂದು ಇಳಿದೂ ಹೋಗಬಹುದು.

ಇದು ಯಾವುದೂ ಗುಟ್ಟಲ್ಲ. ರಡಾರ್ ಓದುವವರಿಗೆಲ್ಲ ಗೊತ್ತು. ಆದರೆ ನಕ್ಷೆಯಲ್ಲಿ ಇದು ಕಾಣುವುದಿಲ್ಲ. ನಕ್ಷೆಯಲ್ಲಿ ನೀಲಿ ಇರುತ್ತದೆ, ನೀಲಿ ಇಲ್ಲದ ಜಾಗ ಇರುತ್ತದೆ. ನೀಲಿ ಇಲ್ಲದ ಜಾಗಕ್ಕೆ ಮೂರು ಅರ್ಥ: ನೋಡಿದೆ, ನೀರಿಲ್ಲ, ನೋಡಿದೆ, ಗೊತ್ತಾಗಲಿಲ್ಲ, ನೋಡಲೇ ಇಲ್ಲ. ಮೂರಕ್ಕೂ ಒಂದೇ ಬಣ್ಣ. ಓದುವವನು ಸಹಜವಾಗಿ ಮೊದಲನೆಯದನ್ನೇ ನಂಬುತ್ತಾನೆ. ಇಲ್ಲಿ ಬಿಸಾಕಿದ್ದು ಒಂದು ತಿಳಿವಳಿಕೆಯನ್ನು, ಅದೂ ಓದುವವನಿಗೆ ಬಿಸಾಕಿದ್ದೇವೆ ಅಂತ ಹೇಳದೆ. ಮೆಗೆಲಾನಿನವರು ಹೀಗೆ ಮಾಡಿದ್ದರೆ ಶುಕ್ರನ ಮೇಲೆ ನಾವು ಇಲ್ಲದ ಬಯಲುಗಳನ್ನು ನೋಡುತ್ತಿದ್ದೆವು.

"ಅಲ್ಲಪಾ, ಪರಿಹಾರದ ಸರ್ವೆ ನೆಲದ ಮೇಲೆ ಮಾಡ್ತಾರ, ನಕ್ಷೆ ನೋಡಿ ಮಾಡೂದಿಲ್ಲ" ಅಂತ ನೀವು ಹೇಳಬಹುದು. ನಿಜ. 2019ರಲ್ಲಿ ಬಿದ್ದ ಮನೆಗಳನ್ನು ಅಧಿಕಾರಿಗಳು ಬಂದು ನೋಡಿ ಎ, ಬಿ, ಸಿ ಅಂತ ವಿಂಗಡಿಸಿದರು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಘೋಷಿಸಿತು. ಆದರೆ ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳ ಗುಣ ಗೊತ್ತಲ್ಲ. ನೀರು ಇದ್ದಾಗ ನಿಂತಿರುತ್ತವೆ. ನೀರು ಇಳಿದು, ಗೋಡೆ ನೆನೆದು, ಎಂಟು ಹತ್ತು ದಿನ ಬಿಟ್ಟು ಕುಸಿಯುತ್ತವೆ. "ಇಲ್ಲಿ ತನಕ ನೀರು ಬಂದಿತ್ತು" ಅನ್ನುವುದಕ್ಕೆ ಗೋಡೆಯ ಮೇಲಿನ ಗೆರೆಯೇ ಸಾಕ್ಷಿ. ಗೋಡೆಯೇ ಬಿದ್ದರೆ ಸಾಕ್ಷಿಯೂ ಬಿತ್ತು. ಆಗ ದಿನಾಂಕ ಇರುವ ಒಂದು ದಾಖಲೆ ಬೇಕು. ಪ್ರವಾಹದ ದಿನದ ಉಪಗ್ರಹ ನಕ್ಷೆಗಿಂತ ಒಳ್ಳೆಯ ದಾಖಲೆ ಯಾವುದು? ಅದರಲ್ಲಿ ಊರು ಬೆಳ್ಳಗಿದ್ದರೆ, ಮತ್ತು ಆ ಬಿಳುಪಿನ ಅರ್ಥ "ಗೊತ್ತಾಗಲಿಲ್ಲ" ಅಂತ ಎಲ್ಲೂ ಬರೆದಿರದಿದ್ದರೆ, ದಾಖಲೆ ಮನೆಯವರ ವಿರುದ್ಧವೇ ನಿಲ್ಲುತ್ತದೆ. ಬೆಳೆ ವಿಮೆಯ ಲೆಕ್ಕದಲ್ಲಿ ಉಪಗ್ರಹದ ಪಾತ್ರ ಹೆಚ್ಚುತ್ತಾ ಹೋಗುವ ಕಾಲ ಇದು. ಕಬ್ಬಿನ ಬುಡದ ನೀರು ಇವತ್ತು ಒಂದು ಬಣ್ಣದ ಪ್ರಶ್ನೆ, ನಾಳೆ ರೊಕ್ಕದ ಪ್ರಶ್ನೆ.

ಅದಕ್ಕೇ ನನ್ನ ಬೇಡಿಕೆ ಒಂದು ಬಿಟ್ ಅಲ್ಲ, ಎರಡು ಬಿಟ್. ನಾಲ್ಕು ಮಾತು: ನೀರು ಕಂಡಿದೆ. ನೀರು ಕಂಡಿಲ್ಲ. ನೋಡಿದೆವು, ಗೊತ್ತಾಗಲಿಲ್ಲ. ನೋಡಿಲ್ಲ. ನೂರು ಊರಿಗೆ 200 ಬಿಟ್, 25 ಬೈಟ್. ಐದು ತಾಲೂಕು ಒಂದು ಎಸ್‌ಎಂಎಸ್‌ನಲ್ಲಿ ಕೂರುತ್ತವೆ, ಜಾಗ ಮಿಕ್ಕುತ್ತದೆ. ಊರಿನ ಗಡಿ ಸರ್ಕಾರದ ಹತ್ತಿರ ಇದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅಂತ ಬೆಳೆ ಸಮೀಕ್ಷೆಯಲ್ಲಿ ದಾಖಲಾಗುತ್ತದೆ. ಮನೆಗಳು ಎಲ್ಲಿವೆ ಅಂತ ನಕ್ಷೆಗೇ ಗೊತ್ತು. "ಗೊತ್ತಾಗಲಿಲ್ಲ" ಅಂತ ಎಲ್ಲೆಲ್ಲಿ ಬರೆಯಬೇಕು ಅನ್ನುವುದಕ್ಕೆ ಹೊಸ ಉಪಗ್ರಹ ಬೇಕಿಲ್ಲ. ಈ ಮೂರನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಸಾಕು.

ಓದಲು ಆ್ಯಪ್ ಬೇಕಾಗುತ್ತದೆ, ಊರಲ್ಲಿ ಎಲ್ಲರ ಹತ್ತಿರ ಎಲ್ಲಿದೆ ಅಂತೀರಾ? ಕನ್ನಡದಲ್ಲೇ ಕಳಿಸಿ. ಕನ್ನಡದ ಎಸ್‌ಎಂಎಸ್‌ಗೆ 70 ಅಕ್ಷರದ ಮಿತಿ, ಇಂಗ್ಲಿಷಿಗೆ 160. ನಮಗೆ ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ, ಹಾಗಾಗಿ 70 ಇನ್ನೂ ಬೇಗ ಮುಗಿಯುತ್ತದೆ. ಆದರೂ ಇದನ್ನು ನೋಡಿ: "ಊರ ಹೊಲದಾಗ ನೀರು ಐತಿ. ಮನಿ ಕಡೆ ಗೊತ್ತಾಗಿಲ್ಲ. ಚಿತ್ರ ಮುಂಜಾನೆ 6ಕ್ಕ." ಖಾಲಿ ಜಾಗ, ಚುಕ್ಕಿ ಎಲ್ಲ ಸೇರಿಸಿ ಎಣಿಸಿದ್ದೇನೆ, 60. ಯಾವ ಹೊತ್ತಿನ ಮಾಹಿತಿ ಅನ್ನುವುದೂ ಬಂತು, ಏನು ಗೊತ್ತಿಲ್ಲ ಅನ್ನುವುದೂ ಬಂತು.

ಇದು ಕನಸಿನ ಮಾತಲ್ಲ ಅಂತ ಯಾಕೆ ಹೇಳುತ್ತೇನೆ ಅಂದರೆ, ಇಂಥದ್ದನ್ನು ನಮ್ಮ ರಾಜ್ಯ ಇನ್ನೊಂದು ಕಡೆ ಮಾಡಿ ತೋರಿಸಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಕೂರಿಸಿದ್ದಾರೆ. ಅದು 15 ನಿಮಿಷಕ್ಕೊಮ್ಮೆ ಮೊಬೈಲ್ ನೆಟ್‌ವರ್ಕಿನಲ್ಲಿ ಕೆಲವೇ ಅಂಕಿ ಕಳಿಸುತ್ತದೆ. ರೈತ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಆ ಕಡೆಯಿಂದ ಕನ್ನಡದಲ್ಲಿ ಉತ್ತರ ಬರುತ್ತದೆ. ಅಲ್ಲಿ ಯಾರೂ ರೈತನಿಗೆ ಮಳೆಯ ಬಣ್ಣದ ನಕ್ಷೆ ಕಳಿಸಿ ನೀನೇ ಹುಡುಕಿಕೋ ಅನ್ನುವುದಿಲ್ಲ. ಅವನ ಪ್ರಶ್ನೆ ಏನು ಅಂತ ಮೊದಲು ಕೇಳಿದರು, ಆಮೇಲೆ ವ್ಯವಸ್ಥೆ ಕಟ್ಟಿದರು. ಅದಕ್ಕೂ ಹಿಂದೆ ಡಂಗುರ ಇತ್ತಲ್ಲ. "ಹೊಳೀಗೆ ನೀರು ಬಿಡಾಕತ್ತಾರ, ದಂಡ್ಯಾಗಿನವರು ಮ್ಯಾಲ ಹೋಗ್ರಿ." ಹಲಗೆ ಬಡಿಯುತ್ತಾ ಒಂದು ಸಾಲು. ಯಾರಿಗೆ, ಏನು, ಈಗ ಏನು ಮಾಡಬೇಕು, ಮೂರೂ ಅದರಲ್ಲಿತ್ತು.

ಈಗ ಯಾಕೆ ಈ ಮಾತು ಅಂದರೆ, ಮೇಲಿಂದ ಬರುವ ದತ್ತಾಂಶದ ಹೊಳೆಗೂ ಗೇಟ್ ಎತ್ತಿದ್ದಾರೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್16ರಲ್ಲಿ ನಿಸಾರ್ ಹೋಯಿತು. ನಾಸಾ ಮತ್ತು ಇಸ್ರೋ ಸೇರಿ ಮಾಡಿದ್ದು. ರಡಾರುಗಳನ್ನು ಉಪಗ್ರಹದ ಒಡಲಿಗೆ ಜೋಡಿಸಿ ಸಿದ್ಧಪಡಿಸಿದ್ದು ನಮ್ಮ ಬೆಂಗಳೂರಿನಲ್ಲೇ. 12 ಮೀಟರ್ ಅಗಲದ ಬಲೆಯಂಥ ಆಂಟೆನಾ, ಒಂದೇ ಸಲಕ್ಕೆ 240 ಕಿಲೋಮೀಟರ್ ಅಗಲದ ನೆಲ, 12 ದಿನಕ್ಕೊಮ್ಮೆ ಅದೇ ದಾರಿ. ಅದರ ಎಲ್-ಬ್ಯಾಂಡ್ ಅಲೆ 24 ಸೆಂಟಿಮೀಟರ್ ಉದ್ದದ್ದು, ಗರಿ-ಎಲೆಗಳ ನಡುವೆ ಸಿ-ಬ್ಯಾಂಡ್‌ಗಿಂತ ಆಳಕ್ಕೆ ಇಳಿಯುತ್ತದೆ. ಕಬ್ಬಿನ ಬುಡದ ನೀರಿನ ಬಗ್ಗೆ ಮೊದಲಿಗಿಂತ ಚೆನ್ನಾಗಿ ಹೇಳಬಲ್ಲದು. ನಾಸಾ ಅಂದಾಜಿನಂತೆ ಅದರಿಂದ ತಯಾರಾಗುವ ದತ್ತಾಂಶ ದಿನಕ್ಕೆ ಸುಮಾರು 80 ಟೆರಾಬೈಟ್, ಅದೂ ಎಲ್ಲರಿಗೂ ಮುಕ್ತ. ಉಪಗ್ರಹದ ಒಳಗೆ ಅದನ್ನು ಕುಗ್ಗಿಸಿ ಇಳಿಸುವ ಕೆಲಸ ಎಂದಿನಂತೆ ಅಚ್ಚುಕಟ್ಟಾಗಿ ನಡೆಯುತ್ತದೆ, ನನಗೆ ಅನುಮಾನವಿಲ್ಲ. ಆದರೆ 80 ಟೆರಾಬೈಟ್ ಕೊನೆಗೆ ಮತ್ತೊಂದು ಪಿಡಿಎಫ್ ಆಗಿ, ಸ್ಕ್ರೀನ್‌ಶಾಟ್ ಆಗಿ, ಎರಡು ನೀಲಿ ಕಲೆತ ಜೆಪೆಗ್ ಆಗಿ ಕಾಕಾನ ಫೋನಿಗೆ ಬಂದರೆ, ಅವರಿಗೆ ಹೊಸ ಉಪಗ್ರಹ ಹೋದದ್ದೂ ಒಂದೇ, ಹೋಗದಿದ್ದದ್ದೂ ಒಂದೇ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರ ದಿನದ ಕೆಲಸವೇ ಇದು. ವಿಡಿಯೋ ಅಡಚಣೆಯಿಲ್ಲದೆ ಓಡಲಿ ಅಂತ ಬಿಟ್ ಉಳಿಸುತ್ತೀರಿ. ಗಿರಾಕಿಯ ನೆಟ್ ನಿಧಾನ ಇದ್ದರೆ ಸಣ್ಣ ಪುಟ ಕಳಿಸುತ್ತೀರಿ, ಅವನು ಮೂರು ಸೆಕೆಂಡ್ ಕಾಯುವುದಿಲ್ಲ ಅಂತ ನಿಮಗೆ ಗೊತ್ತು. ಬಿರಿಯಾನಿ ಎಲ್ಲಿ ತನಕ ಬಂತು ಅಂತ ತೋರಿಸುವ ನಕ್ಷೆಗೆ ಇರುವ ಕಾಳಜಿ ಹೊಳೆ ಎಲ್ಲಿ ತನಕ ಬಂತು ಅಂತ ತೋರಿಸುವ ನಕ್ಷೆಗೂ ಬೇಕು ಅಂತ ಕೇಳುವುದು ದೊಡ್ಡ ಬೇಡಿಕೆಯಲ್ಲ.

ನಕ್ಷೆಗೆ ನನ್ನ ಸ್ಟಾರ್: ದಿನಾಂಕ ಮತ್ತು ಉಪಗ್ರಹದ ಹೆಸರು ತಪ್ಪದೆ ಹಾಕುವುದಕ್ಕೆ ಒಂದು, ಮೋಡದ ಆಚೆಯಿಂದ ನೀರು ಕಂಡುಹಿಡಿದದ್ದಕ್ಕೆ ಒಂದು. ಉಳಿದ ಮೂರನ್ನು ಹಿಡಿದಿಟ್ಟಿದ್ದೇನೆ. ಊರಿನ ಹೆಸರು ಕನ್ನಡದಲ್ಲಿ ಓದಲು ಬಂದ ದಿನ ಒಂದು ಕೊಡುತ್ತೇನೆ. ಆರು ಇಂಚಿನ ಫೋನಿನಲ್ಲಿ, ಮೂರು ಗ್ರೂಪು ದಾಟಿ ಬಂದ ಮೇಲೂ ಹೊಳೆ ಯಾವುದು, ಹೊಸ ನೀರು ಯಾವುದು ಅಂತ ತಿಳಿದ ದಿನ ಇನ್ನೊಂದು. ಕೊನೆಯದು, "ಇಲ್ಲಿ ನಮಗೆ ಗೊತ್ತಾಗಲಿಲ್ಲ" ಅನ್ನುವುದಕ್ಕೆ ಬೇರೆಯದೇ ಒಂದು ಬಣ್ಣ ಕಂಡ ದಿನ.